ಸೆಲ್ಫ್ ಹೊಡೆದರೆ ಸಾಲದು



ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆಲ್ಲ ಒಂದು ಸದ್ದಿನ ಪರಿಚಯ ಇದ್ದೇ ಇರುತ್ತದೆ. ಸಂಜೆ ಏಳಕ್ಕೆ ಕರೆಂಟು ಹೋಗುತ್ತದೆ. ಯುಪಿಎಸ್ ಟಕ್ಕನೆ ಕೈಹಿಡಿಯುತ್ತದೆ. ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಟೀವಿಯ ಧಾರಾವಾಹಿಯೂ ನಿಲ್ಲುವುದಿಲ್ಲ. "ನಮ್ಮ ಬ್ಯಾಟರಿ ಇನ್ನೂ ಗಟ್ಟಿಯಾಗಿದೆ ನೋಡಿ" ಎಂದು ಯಜಮಾನರು ಹೆಮ್ಮೆಪಟ್ಟುಕೊಂಡು ಹತ್ತು ನಿಮಿಷ ಕಳೆದಿರುವುದಿಲ್ಲ, ಬೀಪ್ ಬೀಪ್ ಶುರುವಾಗುತ್ತದೆ. ಆಮೇಲೆ ಕತ್ತಲಲ್ಲಿ ಮೇಣದ ಬತ್ತಿಯ ಹುಡುಕಾಟ. ಎಷ್ಟು ಹೊತ್ತು ನಡೆಸುತ್ತೀಯಪ್ಪ ಎಂದು ಆ ಬ್ಯಾಟರಿಯನ್ನು ನಾವು ಯಾವತ್ತೂ ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ.

ಮನೆಯಲ್ಲಿ ಈ ಮರೆವಿಗೆ ದಂಡ ಒಂದು ಮೇಣದ ಬತ್ತಿ. ಅದೇ ಎಡವಟ್ಟು ಮೂರು ಸಾವಿರ ಅಡಿ ಮೇಲೆ, ತನ್ನ ಕೈಯಾರೆ ಕಟ್ಟಿದ ವಿಮಾನದಲ್ಲಿ ಒಬ್ಬನೇ ಕೂತವನಿಗೆ ಆದರೆ ಏನು ಗತಿ? ಈ ಹೊತ್ತಿನ ನನ್ನ ಮಾತು ಅಂಥ ವಿಮಾನಗಳ ಬ್ಯಾಟರಿ, ಅದಕ್ಕೆ ಅಂಟಿಕೊಂಡ ವೈರು, ವೈರಿನ ತುದಿಯ ಲಗ್ಗು, ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರುಗಳ ಆರೈಕೆಯ ಬಗ್ಗೆ.

ಕೈಯಾರೆ ಕಟ್ಟಿದ ವಿಮಾನ ಎಂದರೆ ನಮ್ಮಲ್ಲಿ ನಗುವವರೇ ಹೆಚ್ಚು. ಅಮೆರಿಕದಲ್ಲಿ ಅದು ಎಪ್ಪತ್ತು ವರ್ಷ ದಾಟಿದ ಹವ್ಯಾಸ. 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಒಂದಿಷ್ಟು ಗೆಳೆಯರನ್ನು ಸೇರಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಶನ್ ಕಟ್ಟಿದರು. ಈಗ ಪ್ರತಿವರ್ಷ ಜುಲೈ ಕೊನೆಯಲ್ಲಿ ಆಶ್‌ಕಾಶ್ ಊರಿನಲ್ಲಿ ಅವರ ಜಾತ್ರೆ ನೆರೆಯುತ್ತದೆ. ಸಾವಿರಾರು ವಿಮಾನಗಳು ಹುಲ್ಲಿನ ಮೇಲೆ ಸಾಲಾಗಿ ನಿಲ್ಲುತ್ತವೆ, ರೆಕ್ಕೆಯ ಅಡಿಯಲ್ಲೇ ಡೇರೆ ಹಾಕಿಕೊಂಡು ಜನ ಮಲಗುತ್ತಾರೆ. ಕಾನೂನು ಅಲ್ಲಿ ಕೇಳುವುದು ಇಷ್ಟು: ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಯದೇ ಆಗಿರಬೇಕು, ಅದನ್ನು ಅವನು ಕಲಿಕೆಗೋ ಖುಷಿಗೋ ಮಾಡಿರಬೇಕು. ಹಾಗೆ ಕಟ್ಟಿದವನು ಅರ್ಜಿ ಹಾಕಿದರೆ ಆ ಒಂದು ವಿಮಾನದ ವಾರ್ಷಿಕ ತಪಾಸಣೆಗೆ ತಾನೇ ಸಹಿ ಹಾಕುವ ಹಕ್ಕೂ ಸಿಗುತ್ತದೆ. ಕಟ್ಟಿದವನೂ ಅವನೇ, ತಪಾಸಣೆ ಮಾಡುವವನೂ ಅವನೇ, ಸರಿಯಾಗಿದೆ ಎಂದು ಬರೆಯುವವನೂ ಅವನೇ. ಆಮೇಲೆ ಒಳಗೆ ಕೂತು ಹಾರುವವನೂ ಅವನೇ.

ನಮ್ಮ ಕಡೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಮುಂಬೈಯ ಅಮೋಲ್ ಯಾದವ್ ಮನೆಯ ಮಹಡಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2017ರಲ್ಲಿ ಅದಕ್ಕೆ ನೋಂದಣಿ ಪಡೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬೆಂಗಳೂರಿನ ರಾಜ್ ಹಂಸ ಕಂಪನಿ ತಯಾರಿಸಿದ ಎಕ್ಸ್-ಏರ್ ಎಂಬ ಎರಡು ಸೀಟಿನ ಹಗುರ ವಿಮಾನ ಬಿಡಿಭಾಗಗಳ ಕಿಟ್ಟಾಗಿ ಹೊರದೇಶಗಳಿಗೆ ಹೋಗಿದೆ. ಅಲ್ಲಿನ ಹವ್ಯಾಸಿಗಳು ಅದನ್ನು ತಮ್ಮ ಶೆಡ್ಡುಗಳಲ್ಲಿ ಜೋಡಿಸಿ ಹಾರಿಸಿದ್ದಾರೆ.

ನಾನು ಕಟ್ಟಿದವನಲ್ಲ. ನೌಕರಿಯಿಡೀ ವಿಮಾನಗಳ ಹೊಟ್ಟೆಯೊಳಗೆ ತಲೆ ತೂರಿಸಿ ವೈರಿಂಗ್ ಮಾಡಿ ನಿವೃತ್ತನಾದವನು. ಕಟ್ಟಿದವನು ನನ್ನ ತಂಗಿಯ ಮಗ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಕಂಪ್ಯೂಟರ್ ಕೆಲಸ ಅವನದು. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಆರು ವರ್ಷ ತಗಡು ಕೊರೆದು, ರಿವೆಟ್ ಹೊಡೆದು, ಹೆಂಡತಿಯ ಕಾರನ್ನು ಆರು ವರ್ಷವೂ ಮಳೆಗೆ ನಿಲ್ಲಿಸಿ, ಎರಡು ಸೀಟಿನ ಲೋಹದ ವಿಮಾನವೊಂದನ್ನು ಮಾಡಿದ. ಅದು ಹಾರಿದ ಮೂರನೆಯ ವರ್ಷ ಒಂದು ರಾತ್ರಿ ಫೋನು ಬಂತು.

"ಮಾವ, ಇವತ್ತು ಸ್ವಲ್ಪದರಲ್ಲಿ ತಪ್ಪಿತು."

"ಏನಾಯ್ತೋ?"

"ಕರೆಂಟು ಹೋಯ್ತು."

ಸಂಜೆ ಹೊತ್ತು ಮನೆಯ ಕಡೆ ಬರುತ್ತಿದ್ದನಂತೆ. ವೋಲ್ಟೇಜ್ ಕಡಿಮೆಯಾಗಿದೆ ಎಂದು ಹೇಳುವ ಹಳದಿ ದೀಪ ಮಿಣುಕತೊಡಗಿತು. ಏನೋ ಸೆನ್ಸರ್ ತೊಂದರೆ ಇರಬೇಕು ಎಂದುಕೊಂಡ; ಹೊಸ ವಿಮಾನದಲ್ಲಿ ಅಂಥವು ಆಗಾಗ ಆಗಿದ್ದವು. ಅರ್ಧ ಗಂಟೆಯಾಗಿರಲಿಲ್ಲ, ರೇಡಿಯೊದ ದನಿ ಬಾವಿಯೊಳಗಿಂದ ಬಂದ ಹಾಗೆ ಕುಗ್ಗಿತು. ಎದುರಿನ ಪರದೆಗಳು ಒಂದಾದ ಮೇಲೊಂದು ಕಪ್ಪಾದವು. ಎಂಜಿನ್ ಮಾತ್ರ ತನಗೇನೂ ಸಂಬಂಧವಿಲ್ಲದ ಹಾಗೆ ಓಡುತ್ತಿತ್ತು, ಯಾಕೆಂದು ಮುಂದೆ ಹೇಳುತ್ತೇನೆ. ಅಮೆರಿಕದ ಸಣ್ಣ ಊರುಗಳ ಎಷ್ಟೋ ರನ್‌ವೇಗಳ ದೀಪ ಸದಾ ಉರಿಯುವುದಿಲ್ಲ. ಪೈಲಟ್ ತನ್ನ ರೇಡಿಯೊದ ಬಟನ್ನನ್ನು ಟಕ್ ಟಕ್ ಎಂದು ಮೂರೋ ಐದೋ ಏಳೋ ಸಲ ಒತ್ತಿದರೆ ಕೆಳಗೆ ದೀಪ ಹತ್ತಿಕೊಳ್ಳುತ್ತದೆ. ರೇಡಿಯೊ ಸತ್ತರೆ ರನ್‌ವೇಯ ದೀಪವೂ ಇಲ್ಲ. ಅವನ ಪುಣ್ಯಕ್ಕೆ ಪಡುವಣದಲ್ಲಿ ಇನ್ನೂ ಸ್ವಲ್ಪ ಬೆಳಕು ಉಳಿದಿತ್ತು. ಅದರಲ್ಲೇ ಅಂದಾಜು ಮಾಡಿ ಇಳಿದ.

ಎಲ್ಲ ಹೇಳಿ ಮುಗಿಸಿ ಕೊನೆಗೆ ಅವನೊಂದು ಮಾತು ಅಂದ: "ಬ್ಯಾಟರಿ ಚೆನ್ನಾಗಿತ್ತು ಮಾವ. ಬೆಳಿಗ್ಗೆ ಸೆಲ್ಫ್ ಹೊಡೆದ ತಕ್ಷಣ ಸ್ಟಾರ್ಟ್ ಆಯ್ತು."

ಕೇಳುಗರೆ, ಸ್ಕೂಟರಿನವರು, ಕಾರಿನವರು, ವಿಮಾನದವರು ಎಲ್ಲರೂ ಬ್ಯಾಟರಿಯ ಬಗ್ಗೆ ಕೊಡುವ ಸರ್ಟಿಫಿಕೇಟು ಇದೊಂದೇ: ಸೆಲ್ಫ್ ಹೊಡೆಯಿತು. ಆ ಸರ್ಟಿಫಿಕೇಟಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ಇಂಥ ವಿಮಾನದ ಸ್ಟಾರ್ಟರ್ ಮೋಟರು ಸುಮಾರು 200 ಆಂಪಿಯರ್ ಎಳೆಯುತ್ತದೆ ಎನ್ನಿ, ಮೂರು ಸೆಕೆಂಡು. ಅಲ್ಲಿಗೆ ಖರ್ಚಾದದ್ದು 600 ಆಂಪಿಯರ್ ಸೆಕೆಂಡು. ಗಂಟೆಯ ಲೆಕ್ಕಕ್ಕೆ ತಂದರೆ 0.17 ಆಂಪಿಯರ್ ಗಂಟೆ, ಅಂದರೆ ಎಎಚ್. ಇಂಥ ವಿಮಾನಗಳಲ್ಲಿ ಬಹಳ ಕಾಲದಿಂದ ಹಾಕಿಕೊಂಡು ಬಂದಿರುವ ಸೀಲ್ ಮಾಡಿದ ಸೀಸದ ಬ್ಯಾಟರಿ 16 ಎಎಚ್ ಆಸುಪಾಸಿನದು, ತೂಕ ಏಳು ಕಿಲೋ. ಅದರ ಒಡಲಿನಲ್ಲಿ ಇರಬೇಕಾದದ್ದರ ನೂರಕ್ಕೆ ಒಂದು ಪಾಲು ಮಾತ್ರ ಎಂಜಿನ್ ಸ್ಟಾರ್ಟ್ ಮಾಡಲು ಖರ್ಚಾಯಿತು. ಉಳಿದ ತೊಂಬತ್ತೊಂಬತ್ತು ಪಾಲು ಇದೆಯೋ ಇಲ್ಲವೋ, ಆ ಮೂರು ಸೆಕೆಂಡು ಏನೂ ಹೇಳಲಿಲ್ಲ. ಜಗಲಿಯ ಮೇಲೆ ಕೂತು ಜೋರಾಗಿ ಗದರುವ ತಾತ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಬಲ್ಲರು ಎಂದು ಆ ಗದರಿಕೆಯಿಂದಲೇ ತೀರ್ಮಾನಿಸಿದ ಹಾಗಾಯಿತು.

ವಿಮಾನದ ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು ಎಂದು ನಾನು ಒಪ್ಪುವುದಿಲ್ಲ. ನೆಲದ ಮೇಲೆ ಸ್ಟಾರ್ಟ್ ಆಗದಿದ್ದರೆ ಏನಾಗುತ್ತದೆ? ಮನೆಗೆ ಹೋಗಿ ಕಾಫಿ ಕುಡಿಯಬಹುದು. ಹಾರುತ್ತಿರುವಾಗ ಆಲ್ಟರ್ನೇಟರ್ ಕೈಕೊಟ್ಟರೆ, ಅಲ್ಲಿಂದ ಮುಂದೆ ನೆಲ ಮುಟ್ಟುವ ತನಕ ಸಂಸಾರ ತೂಗಿಸುವುದು ಬ್ಯಾಟರಿಯ ಮುಖ್ಯ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಅಬ್ಬರವಲ್ಲ, ತಾಳಿಕೆ.

ಆ ತಾಳಿಕೆಯನ್ನು ವೋಲ್ಟೇಜ್ ನೋಡಿ ತಿಳಿಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದರೆ ಮೀಟರಿನಲ್ಲಿ 12.7, 12.8 ವೋಲ್ಟ್ ತೋರಿಸುತ್ತದೆ. ಹನ್ನೆರಡರ ಹತ್ತಿರ ಬಂತೆಂದರೆ ಬರಿದಾದ ಹಾಗೇ. ಇದು ಕೊಡ ತುಂಬಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತದೆ, ಸರಿ. ಕೊಡ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಬ್ಯಾಟರಿಗೆ ವಯಸ್ಸಾದಂತೆ ಕೊಡವೇ ಕುಗ್ಗಿ ಚೊಂಬಾಗುತ್ತದೆ. ತುಂಬಿದ ಚೊಂಬೂ 12.7 ಎಂದೇ ತೋರಿಸುತ್ತದೆ. ನನ್ನ ಸೋದರಳಿಯನ ವಿಮಾನದಲ್ಲಿ ಆಗಿದ್ದು ಇದೇ.

ಕೊಡ ಯಾಕೆ ಕುಗ್ಗುತ್ತದೆ? ಬ್ಯಾಟರಿ ಖಾಲಿಯಾಗುವಾಗ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿಹೋಗುತ್ತದೆ. ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಆ ಸಲ್ಫೇಟು ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಆ ಜಾಗ ಇನ್ನು ಕೆಲಸಕ್ಕೆ ಬಾರದು. ಎರಡನೆಯ ಶತ್ರು ಬಿಸಿ. ಬ್ಯಾಟರಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂದು ನಮ್ಮ ವೃತ್ತಿಯಲ್ಲಿ ಲೆಕ್ಕ. ಹವ್ಯಾಸಿಗಳು ಜಾಗ ಉಳಿಸಲು ಬ್ಯಾಟರಿಯನ್ನು ಎಂಜಿನ್ನಿನ ಹಿಂದಿನ ಗೋಡೆಗೇ ತಗುಲಿಸುತ್ತಾರೆ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿ ಆಡದ ಆ ಗೂಡು ಒಲೆಯ ಮೇಲಿನ ಅಟ್ಟದ ಹಾಗೆ ಕಾಯುತ್ತದೆ.

ನಾನು ಆರೆಗಾನಿಗೆ ಹೋದದ್ದು ಅದರ ಮುಂದಿನ ತಿಂಗಳು. ಹೋದ ಮಾರನೆಯ ದಿನವೇ ಬ್ಯಾಟರಿಯನ್ನು ಹೊರತೆಗೆಸಿ, ಇಡೀ ದಿನ ಚಾರ್ಜಿಗೆ ಹಾಕಿಸಿ, ಒಂದು ಪರೀಕ್ಷೆ ಮಾಡಿದೆ. ಇದಕ್ಕೆ ದುಬಾರಿ ಯಂತ್ರ ಬೇಡ. ಕಾರಿನ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಒಂದು, ಮಲ್ಟಿಮೀಟರ್ ಒಂದು, ಗೋಡೆ ಗಡಿಯಾರ ಒಂದು. ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಕುಡಿಯುತ್ತದೆ. ಹಚ್ಚಿದ ಹೊತ್ತು ಬರೆದಿಟ್ಟು, ವೋಲ್ಟೇಜ್ 10.5ಕ್ಕೆ ಇಳಿಯುವ ತನಕ ಕಾಯುವುದು, ಇಳಿದ ತಕ್ಷಣ ಬಲ್ಬು ಕಿತ್ತು ಮತ್ತೆ ಚಾರ್ಜಿಗೆ ಹಾಕುವುದು. ಅಂಥ ಹೊಸ ಬ್ಯಾಟರಿ ಮೂರು ಗಂಟೆ ದಾಟಿ ಉರಿಸಬೇಕು. ನಾವಿಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಅವನ ಹೆಂಡತಿ ಚಿತ್ರಾನ್ನ ಕಲಸಿ ತಂದುಕೊಟ್ಟಳು. ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಬಲ್ಬು ಕೆಂಪಗಾಗಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ. ಅರ್ಧಕ್ಕಿಂತಲೂ ಕಡಿಮೆ.

"ಇದೇ ಬ್ಯಾಟರಿ ಇವತ್ತೂ ಸೆಲ್ಫ್ ಹೊಡೆಯುತ್ತೆ, ಬೇಕಾದ್ರೆ ನೋಡು" ಎಂದೆ. ಮತ್ತೆ ಚಾರ್ಜ್ ಮಾಡಿ ಜೋಡಿಸಿ ನೋಡಿದ. ಹೊಡೆಯಿತು. ಅವನು ಮಾತಾಡಲಿಲ್ಲ.

ಹೊಸದರಲ್ಲಿ ಇದ್ದ ಹೊತ್ತಿನ ಶೇಕಡ 80ಕ್ಕಿಂತ ಕೆಳಗೆ ಬಂದ ಬ್ಯಾಟರಿಯನ್ನು ವಿಮಾನದಿಂದ ತೆಗೆಯಬೇಕು ಎಂಬುದು ವಿಮಾನ ಕಸುಬಿನ ಹಳೆಯ ಪದ್ಧತಿ. ಮೂರು ಗಂಟೆ ಹತ್ತು ನಿಮಿಷ ಇದ್ದದ್ದು ಎರಡೂವರೆ ಗಂಟೆಗೆ ಇಳಿದರೆ ಆಯಿತು, ಅದಕ್ಕೆ ನಮಸ್ಕಾರ. ಬ್ಯಾಟರಿ ತಂದ ದಿನವೇ ಒಂದು ಸಲ ಬಲ್ಬು ಹಚ್ಚಿ ಹೊತ್ತನ್ನು ಅದರ ಬೆನ್ನಿನ ಮೇಲೆ ಮಾರ್ಕರಿನಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಅದರ ಕೆಳಗೆ ಇನ್ನೊಂದು ಸಾಲು ಬರೆಯುತ್ತ ಹೋಗಬೇಕು.

ಎಷ್ಟು ಹೊತ್ತು ಬರುತ್ತದೆ ಎಂದು ತಿಳಿದ ಮೇಲೆ ಯಾವುದಕ್ಕೆ ಖರ್ಚು ಮಾಡುವುದು ಎಂಬ ಪ್ರಶ್ನೆ. ಕಾನ್ಸಾಸ್ ರಾಜ್ಯದ ಬಾಬ್ ನಕಲ್ಸ್ ಎಂಬವರು 'ಏರೋಎಲೆಕ್ಟ್ರಿಕ್ ಕನೆಕ್ಷನ್' ಎಂಬ ಪುಸ್ತಕ ಬರೆದು ಎರಡು ಮೂರು ತಲೆಮಾರಿನ ಹವ್ಯಾಸಿಗಳಿಗೆ ವೈರಿಂಗ್ ಕಲಿಸಿದ್ದಾರೆ. ಅವರು ಒತ್ತಿ ಹೇಳುವ ಒಂದು ಏರ್ಪಾಡಿಗೆ ಎಂಡ್ಯೂರೆನ್ಸ್ ಬಸ್ ಎಂದು ಹೆಸರು. ಬಡತನ ಬಂದಾಗ ಹೂಡುವ ಬೇರೆ ಒಲೆ ಅದು ಎನ್ನಬಹುದು. ನೆಲ ಮುಟ್ಟುವ ತನಕ ಬೇಕೇಬೇಕಾದ ಉಪಕರಣಗಳನ್ನು, ಅಂದರೆ ಒಂದು ರೇಡಿಯೊ, ಒಂದು ಪರದೆ, ಒಂದು ಸಣ್ಣ ದೀಪವನ್ನು, ಬೇರೆ ಸಾಲಿನಲ್ಲಿ ಜೋಡಿಸಿ ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಒಂದು ಸ್ವಿಚ್ ಕೊಡುವುದು. ಆಲ್ಟರ್ನೇಟರ್ ಸತ್ತರೆ ಆ ಸ್ವಿಚ್ ಹಾಕಿ ಮುಖ್ಯ ಸ್ವಿಚ್ಚನ್ನೇ ಆರಿಸಿಬಿಡುವುದು. ಮುಖ್ಯ ಸ್ವಿಚ್ಚಿನ ಹಿಂದಿರುವ ಕಾಂಟ್ಯಾಕ್ಟರ್ ಸುಮ್ಮನೆ ಮುಚ್ಚಿಕೊಂಡಿರುವುದಕ್ಕೇ ಒಂದು ಆಂಪಿಯರ್ ಹತ್ತಿರ ತಿನ್ನುತ್ತದೆ; ಏನೂ ದುಡಿಯದೆ ಊಟಕ್ಕೆ ಕೂರುವ ನೆಂಟ ಅದು. ಸೋದರಳಿಯ ಅವತ್ತು ಎಲ್ಲವನ್ನೂ ಹಚ್ಚಿಕೊಂಡು 12 ಆಂಪಿಯರ್ ಸುರಿಯುತ್ತಿದ್ದ. ಬೇಕಾದದ್ದನ್ನಷ್ಟೇ ಉಳಿಸಿಕೊಂಡಿದ್ದರೆ ನಾಲ್ಕು ಸಾಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಇರುವಷ್ಟು ಹೊತ್ತು ಬ್ಯಾಟರಿಯೂ ಇರಬೇಕು ಎಂಬುದು ನಕಲ್ಸ್ ಅವರ ಅಳತೆಗೋಲು. ನನಗೆ ಅದಕ್ಕಿಂತ ಒಳ್ಳೆಯ ಅಳತೆ ಗೊತ್ತಿಲ್ಲ.

ಎಂಜಿನ್ ಯಾಕೆ ನಿಲ್ಲಲಿಲ್ಲ ಎಂದು ಹೇಳುತ್ತೇನೆ ಎಂದಿದ್ದೆ. ಅವನ ಎಂಜಿನ್ನಿಗೆ ಕಿಡಿ ಕೊಡುವುದು ಮ್ಯಾಗ್ನೆಟೊ. ಅದರೊಳಗೇ ಅಯಸ್ಕಾಂತ ತಿರುಗಿ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಯ ಹಂಗಿಲ್ಲ. ಆದರೆ ಇದರ ವೈರಿಂಗಿನಲ್ಲಿ ಒಂದು ತಿರುಗುಮುರುಗು ಇದೆ, ಗೊತ್ತಿಲ್ಲದವರ ಪ್ರಾಣಕ್ಕೇ ಬರುವಂಥದ್ದು. ಮನೆಯಲ್ಲಿ ವೈರು ತುಂಡಾದರೆ ದೀಪ ಆರುತ್ತದೆ. ಮ್ಯಾಗ್ನೆಟೊದ ವೈರು ತುಂಡಾದರೆ ಅದು ಹೊತ್ತಿಕೊಂಡೇ ಇರುತ್ತದೆ! ಸ್ವಿಚ್ ಆಫ್ ಮಾಡಿದಾಗ ಮ್ಯಾಗ್ನೆಟೊದ ಕಿಡಿಯನ್ನು ಒಂದು ವೈರಿನ ಮೂಲಕ ಅರ್ತಿಗೆ ಇಳಿಸಿ ಸುಮ್ಮನಾಗಿಸುತ್ತಾರೆ. ಆ ವೈರು ಎಲ್ಲೋ ಕಡಿದಿದ್ದರೆ ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಒಳಗೆ ಜೀವ ಇರುತ್ತದೆ. ಯಾರೋ ಬಂದು ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತಾರೆ, ಎಂಜಿನ್ ಒಂದು ಸುತ್ತು ಹೊಡೆಯುತ್ತದೆ. ಕೈ ಹೋಗಲು ಒಂದು ಸುತ್ತು ಸಾಕು. ಆದ್ದರಿಂದ ಹಾರಾಟ ಮುಗಿಸಿ ಎಂಜಿನ್ ನಿಲ್ಲಿಸುವ ಮೊದಲು, ನಿಧಾನ ವೇಗದಲ್ಲಿ, ಸ್ವಿಚ್ಚನ್ನು ಒಂದು ಕ್ಷಣ ಆಫ್ ಮಾಡಿ ಎಂಜಿನ್ ಉಸಿರು ನಿಲ್ಲಿಸುತ್ತದೆಯೇ ಎಂದು ನೋಡುವುದು ಅನುಭವಿಗಳ ರೂಢಿ. ನೋಡಿದ ಮೇಲೂ ಪ್ರೊಪೆಲ್ಲರಿನ ಮುಂದೆ ಬೀದಿಯ ಹೋರಿಯ ಮುಂದೆ ನಡೆಯುವ ಹಾಗೆಯೇ ನಡೆಯಬೇಕು.

ಈಗ ಬರುತ್ತಿರುವ ಎಂಜಿನ್ನುಗಳ ಕಥೆ ಬೇರೆ. ಆಸ್ಟ್ರಿಯಾದ ರೋಟಾಕ್ಸ್ 912 ಹಗುರ ವಿಮಾನಗಳಲ್ಲಿ ಮನೆಮಾತು. ಅದರ ಹಳೆಯ ಮಾದರಿಯಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಎಂಜಿನ್ನಿನೊಳಗಿನ ಬೇರೆ ಸುರುಳಿಗಳಿಂದಲೇ ಬರುತ್ತದೆ. ಬ್ಯಾಟರಿ ಸತ್ತರೂ ಓಡುತ್ತದೆ. 2012ರಲ್ಲಿ ಬಂದ 912 ಐಎಸ್ ಎಂಬುದರಲ್ಲಿ ಪೆಟ್ರೋಲನ್ನು ಚಿಮ್ಮಿಸುವುದೂ ಕಂಪ್ಯೂಟರ್, ಪಂಪು ನಡೆಯುವುದೂ ಕರೆಂಟಿನಲ್ಲಿ. ಪೆಟ್ರೋಲು ಉಳಿಯುತ್ತದೆ, ನಿಜ. ವಿದ್ಯುತ್ತು ಹೋದರೆ ಎಂಜಿನ್ನೂ ಹೋಯಿತು. ಅದಕ್ಕೇ ಅದರಲ್ಲಿ ಎರಡು ಜನರೇಟರ್ ಇಟ್ಟಿದ್ದಾರೆ. ಹಳೆಯ ಎಂಜಿನ್ನಿಗೆ ತಾವೇ ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿಕೊಳ್ಳುವ ಹವ್ಯಾಸಿಗಳು ಈ ಲೆಕ್ಕ ಹಾಕಿದ್ದಾರೆಯೇ ಎಂದು ನನಗೆ ಅನುಮಾನ. ಅಂಥವರಿಗೆ ಬ್ಯಾಟರಿ ಎಂದರೆ ಎರಡನೆಯ ಪೆಟ್ರೋಲ್ ಟ್ಯಾಂಕು.

ಇನ್ನು ಆಲ್ಟರ್ನೇಟರ್ ಯಾಕೆ ಕೈಕೊಟ್ಟಿತು ಎಂಬ ವಿಚಾರ. ಅದು ಕೈಕೊಟ್ಟಿರಲೇ ಇಲ್ಲ! ಮುಚ್ಚಳ ಬಿಚ್ಚಿ ನೋಡಿದರೆ ಆಲ್ಟರ್ನೇಟರಿನಿಂದ ಹೊರಡುವ ದಪ್ಪ ವೈರಿನ ತುದಿಯ ಲಗ್ಗು ಬೋಲ್ಟಿಗೆ ಅಂಟಿಕೊಂಡು ನಿಂತಿತ್ತು, ವೈರು ಅದರ ಪಕ್ಕದಲ್ಲಿ ಜೋತಾಡುತ್ತಿತ್ತು. ಕಡಿದ ಜಾಗ ನೋಡಿದ ಕೂಡಲೇ ನನಗೆ ಅರ್ಥವಾಯಿತು. "ಇದಕ್ಕೆ ಸೋಲ್ಡರ್ ಹಾಕಿದ್ಯಾ?" ಎಂದೆ. "ಹೂಂ ಮಾವ, ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿ, ಗಟ್ಟಿಯಾಗಿರಲಿ ಅಂತ ಮೇಲಿಂದ ಸೋಲ್ಡರ್ ಬಿಟ್ಟೆ" ಎಂದ.

ಗಟ್ಟಿಯಾಗಿರಲಿ ಎಂದು ಮಾಡಿದ್ದೇ ಮುರಿಯಿತು. ಎಳೆಎಳೆಯಾದ ತಾಮ್ರದ ವೈರಿಗೆ ಬಳುಕುವ ಗುಣವಿದೆ. ಸೋಲ್ಡರ್ ಒಳಗೆ ಹೀರಿಕೊಂಡಷ್ಟು ಉದ್ದಕ್ಕೆ ಅದು ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಬಳುಕು ಶುರುವಾಗುವ ಗೆರೆಯಲ್ಲಿ ಎಂಜಿನ್ನಿನ ನಡುಕವೆಲ್ಲ ಬಂದು ಕೂರುತ್ತದೆ. ತಗಡನ್ನು ಅದೇ ಮಡಿಕೆಯಲ್ಲಿ ಹಿಂದೆಮುಂದೆ ಮಾಡಿ ಮುರಿಯುವ ಹಾಗೆ, ಒಂದೊಂದೇ ಎಳೆ ಕಡಿಯುತ್ತದೆ. ಸೋಲ್ಡರ್ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಾಡಿದರೆ ಆ ಗೆರೆಯ ಆಚೆಗೂ ವೈರನ್ನು ಹಿಡಿದು ಆಧಾರ ಕೊಡಬೇಕು. ಹವ್ಯಾಸಿಗೆ ಸುಲಭದ ದಾರಿ ಸರಿಯಾದ ಕ್ರಿಂಪು: ವೈರಿನ ಗಾತ್ರಕ್ಕೆ ತಕ್ಕ ಲಗ್ಗು, ಪೂರ್ತಿ ಒತ್ತುವ ತನಕ ಬಾಯಿ ಬಿಡದ ರ್‍ಯಾಚೆಟ್ ಇರುವ ಕ್ರಿಂಪಿಂಗ್ ಟೂಲು, ಒತ್ತಿದ ಮೇಲೆ ಒಂದು ಜಗ್ಗಾಟ. ಜಗ್ಗಿದಾಗ ಕಿತ್ತು ಬರುವ ಕ್ರಿಂಪು ನೆಲದ ಮೇಲೇ ಕಿತ್ತು ಬರಲಿ. ಲಕ್ಷಗಟ್ಟಲೆ ಡಾಲರ್ ಸುರಿದು ವಿಮಾನ ಕಟ್ಟುವವರು ಒಳ್ಳೆಯ ಕ್ರಿಂಪಿಂಗ್ ಟೂಲಿಗೆ ನೂರು ಡಾಲರ್ ಬಿಚ್ಚಲು ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಚೌಕಾಶಿ ಮಾಡುವ ನಮ್ಮವರನ್ನು ಬೈದು ಪ್ರಯೋಜನವಿಲ್ಲ.

ವೈರಿನ ಮಾತೂ ಹಾಗೇ. ಮನೆಗೆ ಎಳೆಯುವ ಪಿವಿಸಿ ವೈರು ಅಗ್ಗ, ಆದರೆ ಸುಟ್ಟರೆ ಅದರ ಹೊಗೆ ಗಂಟಲು ಕಟ್ಟಿಸುವ ಆಮ್ಲದ ಹೊಗೆ. ಕಿಟಕಿ ತೆರೆದು ಹೊರಗೆ ಹೋಗುವ ಅನುಕೂಲ ಇಲ್ಲದ ಜಾಗದಲ್ಲಿ ಅದನ್ನು ಬಳಸಬಾರದು. ವಿಮಾನಕ್ಕೆ ಟೆಫ್‌ಜೆಲ್ ಹೊದಿಕೆಯ ವೈರು ಇದೆ, ಬೆಲೆ ಜಾಸ್ತಿ. ಇನ್ನು ಫ್ಯೂಸು. ಫ್ಯೂಸು ಹೋದಾಗ ತಾಮ್ರದ ನಾಲ್ಕು ಎಳೆ ಸುತ್ತಿ ಕೆಲಸ ಸಾಗಿಸಿದ ಕಾಲವನ್ನು ನಾವೆಲ್ಲ ದಾಟಿ ಬಂದಿದ್ದೇವೆ. ಫ್ಯೂಸು ಇರುವುದು ವೈರನ್ನು ಬೆಂಕಿಯಿಂದ ಕಾಯಲು. ತುದಿಯ ಉಪಕರಣವನ್ನು ಅದು ಉಳಿಸೀತೆಂಬ ಖಾತರಿ ಇಲ್ಲ. ಹಾರುತ್ತಿರುವಾಗ ಬ್ರೇಕರ್ ಹಾರಿದರೆ ಮತ್ತೆ ಮತ್ತೆ ಒತ್ತಿ ನೋಡುವವರು ಬೆಂಕಿಗೆ ಗಾಳಿ ಹಾಕುತ್ತಿದ್ದಾರೆ.

ಸ್ಟಾರ್ಟರ್ ಮುಕ್ಕರಿದರೆ ಬೈಗುಳ ಬ್ಯಾಟರಿಗೆ. ಎಷ್ಟೋ ಸಲ ತಪ್ಪು ಕರೆಂಟು ಹರಿಯುವ ದಾರಿಯದು. 200 ಆಂಪಿಯರ್ ಹರಿಯುವಲ್ಲಿ ಒಂದು ಓಮಿನ ಸಾವಿರ ಭಾಗದಲ್ಲಿ ಐದರಷ್ಟು ಅಡ್ಡಿ ಇದ್ದರೂ ಒಂದು ಪೂರ್ತಿ ವೋಲ್ಟು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಆ ಅಡ್ಡಿ ಎಂದರೆ ಟರ್ಮಿನಲ್ಲಿನ ಮೇಲಿನ ಬಿಳಿ ಹಸಿರು ಬೂಷ್ಟು, ಬಣ್ಣ ಕೆರೆಯದೆ ಬಿಗಿದ ಅರ್ತು, ಸಡಿಲ ನಟ್ಟು. ಬರ್ಟ್ ರುಟಾನ್ ವಿನ್ಯಾಸ ಮಾಡಿದ ಲಾಂಗ್-ಈಜಿ ಎಂಬ ವಿಮಾನವಿದೆ. ಫೋಮು, ಫೈಬರ್‌ಗ್ಲಾಸಿನಿಂದ ಮಾಡಿದ್ದು, ನಿಲ್ಲಿಸಿದಾಗ ಮೂಗನ್ನು ನೆಲಕ್ಕೆ ಊರಿ ಮೊಣಕಾಲೂರಿದ ಆನೆಯ ಹಾಗೆ ನಿಲ್ಲುತ್ತದೆ. ಅದರ ಎಂಜಿನ್ ಬಾಲದ ಕಡೆ. ತೂಕ ಸರಿದೂಗಲೆಂದು ಬ್ಯಾಟರಿಯನ್ನು ಮೂಗಿನಲ್ಲಿ ಇಟ್ಟರೆ ಸ್ಟಾರ್ಟರಿಗೆ ಹೋಗುವ ಕೇಬಲ್ಲು ಮೈಯುದ್ದ ಓಡಬೇಕು. ಮೈ ಲೋಹದ್ದಲ್ಲವಾದ್ದರಿಂದ ಮರಳಿ ಬರಲೂ ಅಷ್ಟೇ ದಪ್ಪದ ಇನ್ನೊಂದು. ಇಂಥ ಕಡೆ ಮೀಟರನ್ನು ಕೇಬಲ್ಲಿನ ಎರಡು ತುದಿಗೆ ಹಿಡಿದು, ಮ್ಯಾಗ್ನೆಟೊ ಆಫ್ ಮಾಡಿ ಪೆಟ್ರೋಲು ಮುಚ್ಚಿ, ಒಳಗೊಬ್ಬರನ್ನು ಕೂರಿಸಿ ಸೆಲ್ಫ್ ಹೊಡೆಸಿದರೆ ಯಾವ ಕೀಲು ಕಳ್ಳ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್ಸು, ಜೋಡಿಸುವಾಗ ಕೊನೆಗೆ ಮೈನಸ್ಸು. ಉಂಗುರ, ವಾಚು ಕಳಚಿಡಿ. ಒಂದು ಸ್ಪ್ಯಾನರ್ ಪ್ಲಸ್ಸಿನಿಂದ ವಿಮಾನದ ಮೈಗೆ ತಗುಲಿ ಕೆಂಪಗೆ ಕಾದು ಅಂಟಿಕೊಂಡದ್ದನ್ನು ನೋಡಿದ ಮೇಲೆ ನಾನು ಉಂಗುರ ಹಾಕುವುದನ್ನೇ ಬಿಟ್ಟೆ.

ಆಲ್ಟರ್ನೇಟರ್ ಕಡಿಮೆ ಕೊಡುವುದಕ್ಕಿಂತ ಹೆಚ್ಚು ಕೊಡುವುದೇ ಅಪಾಯ. ಅದರ ರೆಗ್ಯುಲೇಟರ್ ಕೆಟ್ಟರೆ 14ರ ಆಸುಪಾಸಿನಲ್ಲಿ ಇರಬೇಕಾದ ವೋಲ್ಟೇಜ್ 16, 18 ದಾಟಿ ಏರುತ್ತದೆ. ಬ್ಯಾಟರಿ ಕುದಿಯುತ್ತದೆ, ಪರದೆಗಳು ಸುಡುತ್ತವೆ. 16ರ ಹತ್ತಿರ ಬಂದ ಕ್ಷಣ ಆಲ್ಟರ್ನೇಟರಿನ ಫೀಲ್ಡ್ ವೈರನ್ನು ಕಡಿದುಹಾಕುವ ಒಂದು ಪುಟ್ಟ ಸರ್ಕ್ಯೂಟ್ ಇದೆ. ಅದಿಲ್ಲದ ವಿಮಾನದಲ್ಲಿ ನಾನು ಕೂರುವುದಿಲ್ಲ.

ಲಿಥಿಯಂ ಬಗ್ಗೆ ಹೇಳದಿದ್ದರೆ ಯುವಕರು ಒಪ್ಪುವುದಿಲ್ಲ. ಏಳು ಕಿಲೋ ಜಾಗದಲ್ಲಿ ಎರಡು ಕಿಲೋ ಎಂದರೆ ಯಾವ ವಿಮಾನದವನಿಗೂ ಬಾಯಲ್ಲಿ ನೀರೂರುತ್ತದೆ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ತೂಕವೂ ಇಳಿಯಬೇಕು, ತಾಳಿಕೆಯೂ ಬೇಕು. 2013ರ ಜನವರಿಯಲ್ಲಿ ಬಾಸ್ಟನ್ ನಿಲ್ದಾಣದಲ್ಲಿ ಬೋಯಿಂಗ್ 787 ವಿಮಾನದ ಲಿಥಿಯಂ ಬ್ಯಾಟರಿ ಹೊತ್ತಿಕೊಂಡು, ಕೆಲವೇ ದಿನಗಳಲ್ಲಿ ಆ ಮಾದರಿಯ ವಿಮಾನಗಳೆಲ್ಲ ನೆಲಕ್ಕೆ ಇಳಿದದ್ದು ನಿಮಗೆ ನೆನಪಿರಬಹುದು. ಹವ್ಯಾಸಿಗಳು ಬಳಸುವುದು ಆ ಜಾತಿಯಲ್ಲ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಶಾಂತ ಸ್ವಭಾವದ್ದು. ಆದರೂ ಅದರ ಗುಣ ತಿಳಿದಿರಬೇಕು. ಸೀಸದ್ದು ಮೆಲ್ಲಗೆ ಇಳಿಯುತ್ತ ಮುನ್ಸೂಚನೆ ಕೊಡುತ್ತದೆ. ಇದು ಕೊನೆಯ ತನಕ ವೋಲ್ಟೇಜ್ ಬಿಡದೆ ನಿಂತು, ಒಮ್ಮೆಗೇ ಕುಸಿಯುತ್ತದೆ. ತೀರ ಖಾಲಿಯಾದರೆ, ತೀರ ಹೆಚ್ಚು ವೋಲ್ಟೇಜ್ ಬಂದರೆ ಒಳಗಿನ ಕಾವಲು ಸರ್ಕ್ಯೂಟು ಬ್ಯಾಟರಿಯನ್ನು ಕಡಿದುಬಿಡುತ್ತದೆ. ಬ್ಯಾಟರಿ ಉಳಿಯುತ್ತದೆ, ನಿಮ್ಮ ಕರೆಂಟು ಹೋಗುತ್ತದೆ. ಹಸಿದಾಗ ಚಾರ್ಜನ್ನು ಗಬಗಬ ನುಂಗುವುದರಿಂದ ರೋಟಾಕ್ಸಿನಂಥ ಎಂಜಿನ್ನಿನ ಸಣ್ಣ ಜನರೇಟರು, ಅದರ ಒಟ್ಟು ದುಡಿಮೆಯೇ 250 ವ್ಯಾಟು, ಏದುಸಿರು ಬಿಡುತ್ತದೆ. ರೆಗ್ಯುಲೇಟರಿಗೆ ಗಾಳಿ ಬೀಸುವ ಏರ್ಪಾಡು ಬೇಕು. ಸೀಸಕ್ಕೆ ಮಾಡಿದ ಹಳೆಯ ಚಾರ್ಜರನ್ನು ಇದಕ್ಕೆ ಹಚ್ಚಬಾರದು.

ಹಾರದ ದಿನಗಳ ಆರೈಕೆ ಸರಳ. ಗಡಿಯಾರಕ್ಕೋ ಉಪಕರಣದ ನೆನಪಿಗೋ ಎಂದು ಬ್ಯಾಟರಿಗೆ ನೇರ ತಗುಲಿಸಿದ ಒಂದು ವೈರು ಹತ್ತು ಮಿಲಿ ಆಂಪಿಯರ್ ಹೀರಿದರೂ ದಿನಕ್ಕೆ ಕಾಲು ಎಎಚ್ ಹೋಯಿತು. ಎರಡು ತಿಂಗಳಿಗೆ 16 ಎಎಚ್ ಬ್ಯಾಟರಿ ಖಾಲಿ, ಆಮೇಲೆ ಹರಳು. ತಿಂಗಳುಗಟ್ಟಲೆ ಹಾರದಿದ್ದರೆ ಮೈನಸ್ ಬಿಚ್ಚಿಡಿ, ಇಲ್ಲವೇ ಸಣ್ಣ ಫ್ಲೋಟ್ ಚಾರ್ಜರಿಗೆ ಹಾಕಿಡಿ. ನೀರು ಹಾಕುವ ಹಳೆಯ ಮಾದರಿಯಾದರೆ ಆವಿ ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡಿಲ್ಲವೆಂದು ನೋಡಿ. ಆಮ್ಲ ತುಳುಕಿದ ಅಲ್ಯುಮಿನಿಯಂ ತಗಡನ್ನು ಅಡುಗೆ ಸೋಡದ ನೀರಿನಿಂದ ತೊಳೆಯಿರಿ.

ಸೋದರಳಿಯನ ವಿಮಾನಕ್ಕೆ ಈಗ ಹೊಸ ಬ್ಯಾಟರಿ ಬಂದಿದೆ, ಸೀಸದ್ದೇ. ಅದರ ಬೆನ್ನ ಮೇಲೆ ನನ್ನ ಅಕ್ಷರದಲ್ಲಿ "3 ಗಂಟೆ 12 ನಿಮಿಷ" ಎಂದು ಕನ್ನಡದಲ್ಲಿ ಬರೆದಿದೆ. ಹಳೆಯದನ್ನು ಅವನು ಮಗನ ಆಟದ ಜೀಪಿಗೆ ಹಾಕುತ್ತೇನೆಂದ; ನಾನು ಬೇಡವೆಂದು ಅಂಗಡಿಗೇ ವಾಪಸು ಕೊಡಿಸಿದೆ.

ನಿಮ್ಮಲ್ಲಿ ವಿಮಾನ ಇರುವವರು ಕಡಿಮೆ, ಯುಪಿಎಸ್ ಇಲ್ಲದವರು ಕಡಿಮೆ. ಬರುವ ಭಾನುವಾರ ಯುಪಿಎಸ್‌ಗೆ ಕರೆಂಟು ಬರುವ ಸ್ವಿಚ್ ಆರಿಸಿ, ಎರಡು ದೀಪ, ಒಂದು ಫ್ಯಾನು ಹಾಕಿ, ಎಷ್ಟು ಹೊತ್ತು ನಡೆಯುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ. ಹಳೆಯ ಬ್ಯಾಟರಿಯನ್ನು ಗುಜರಿಯವನ ತಳ್ಳುಗಾಡಿಗೆ ಹಾಕಬೇಡಿ. ಅದರೊಳಗಿನ ಸೀಸ ಮಕ್ಕಳ ಮೈಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆಯುವ ಹೊಣೆ ತಯಾರಕರದು. ಹಳೆಯದು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಆ ಆಸೆಗಾದರೂ ಅಂಗಡಿಗೇ ಕೊಡಿ.